ಜಾತ್ರೆಯ ಪಿಟೀಲು, ಸಭೆಯ ವಯೊಲಿನ್

ನಮ್ಮಲ್ಲಿ ಒಂದೇ ವಾದ್ಯಕ್ಕೆ ಎರಡು ಹೆಸರು. ಸಭೆಯಲ್ಲಿ ಅದು ವಯೊಲಿನ್, ಬೀದಿಯಲ್ಲಿ ಪಿಟೀಲು. ಸಭೆಯಲ್ಲಿ ನುಡಿಸುತ್ತಾರೆ, ಬೀದಿಯಲ್ಲಿ ಕುಯ್ಯುತ್ತಾರೆ. ನನಗೆ ರಾಗ ಗುರುತಿಸಲು ಬರುವುದಿಲ್ಲ. ಸಂಗೀತದ ಬಗ್ಗೆ ಇವನು ಬರೆಯುವುದು ಅಧಿಕಪ್ರಸಂಗ ಎನ್ನುವವರು ಎನ್ನಲಿ. ನಾನು ಬರೆಯುತ್ತಿರುವುದು ನುಡಿಸುವವರನ್ನು ನೋಡಿ ಜನ ಆಡುವ ಮಾತಿನ ಬಗ್ಗೆ. ಆ ಮಾತನ್ನು ಕೇರಿಯವರಾದ ನಾವು ಹುಟ್ಟಿದಾಗಿನಿಂದ ಕೇಳಿಸಿಕೊಂಡಿದ್ದೇವೆ.

ನನಗಾಗ ಏಳೆಂಟು ವರ್ಷ. ಜಾತ್ರೆಯಲ್ಲಿ ಒಬ್ಬ ಪಿಟೀಲು ಮಾರುತ್ತಿದ್ದ. ಮಣ್ಣಿನ ಕುಡಿಕೆಗೆ ಕಾಗದ ಬಿಗಿದು, ಬಿದಿರ ಕಡ್ಡಿ ಸಿಕ್ಕಿಸಿ, ತಂತಿ ಎಳೆದು ಮಾಡಿದ ಆಟದ ಸಾಮಾನು. ಉತ್ತರದ ಕಡೆಯವನಿರಬೇಕು, ಅರೆಬರೆ ಕನ್ನಡ. ಕೈಯಲ್ಲೊಂದು ಹಿಡಿದು ಸಿನಿಮಾ ಹಾಡು ನುಡಿಸುತ್ತಾ ಬರುತ್ತಿದ್ದ. ಜೊತೆಯಲ್ಲಿದ್ದ ಅವನ ಮಗ, ನನ್ನ ವಯಸ್ಸಿನವನು, ಅದೇ ಹಾಡನ್ನು ಅಷ್ಟೇ ಸಲೀಸಾಗಿ ನುಡಿಸುತ್ತಿದ್ದ. ನಾನು ರಚ್ಚೆ ಹಿಡಿದು ಅಪ್ಪನ ಕೈಲಿ ಒಂದು ಕೊಡಿಸಿಕೊಂಡೆ. ಮರದ ಕೆಳಗೆ ಕೂತು ಎಳೆದರೆ ಕೀಂಯ್ ಎನ್ನುವುದು ಬಿಟ್ಟು ಏನೂ ಬರಲಿಲ್ಲ. ‘ಒಳ್ಳೇದ್ನ ತಾನಿಟ್ಕೊಂಡು ಕೆಟ್ಟಿದ್ದ ನಮಗೆ ಕೊಟ್ಟವ್ನೆ’ ಅಂತ ಅಪ್ಪ ನನ್ನನ್ನು ಎಳಕೊಂಡು ಹೋದ. ಸುತ್ತ ಸೇರಿದ ಜನ ‘ಇವ್ರೆಲ್ಲಾ ಮೋಸಗಾರ್ರು’ ಎಂದರು. ಆತ ಮಾತಾಡಲಿಲ್ಲ. ನನ್ನ ಕೈಯಿಂದ ಇಸಕೊಂಡು, ತಂತಿ ಬಿಗಿ ಮಾಡಿ, ಅದರಲ್ಲೇ ಆ ಹಾಡು ನುಡಿಸಿ ವಾಪಸ್ಸು ಕೊಟ್ಟ.

ಅಪ್ಪ ಸುಮ್ಮನಾದ. ಅಪ್ಪನೂ ತಮಟೆಯವನು. ಚರ್ಮವನ್ನು ಎಷ್ಟು ಹೊತ್ತು ಬೆಂಕಿಗೆ ಕಾಯಿಸಬೇಕು, ಯಾವ ಕುಣಿತಕ್ಕೆ ಯಾವ ಗತ್ತು, ಎಲ್ಲವನ್ನೂ ತನ್ನಪ್ಪನ ಕೈಲಿ ಏಟು ತಿಂದು ಕಲಿತಿದ್ದ. ಊರವರು ಅದನ್ನು ವಿದ್ಯೆ ಅಂದದ್ದು ನಾನು ಕೇಳಿಲ್ಲ. ‘ಅದೇನ್ ಕಲಿಯೋದು, ಅವ್ರಿಗೆ ಹುಟ್ತಾನೇ ಬತ್ತದೆ’ ಅನ್ನುತ್ತಿದ್ದರು.

ಮುಂದೆ ಪಟ್ಟಣದಲ್ಲಿ ಓದುವಾಗ ಗೆಳೆಯನೊಬ್ಬ ಕಚೇರಿಗೆ ಕರೆದೊಯ್ದ. ಹತ್ತು ವರ್ಷದ ಹುಡುಗನ ವಯೊಲಿನ್. ಚೆನ್ನಾಗಿಯೇ ನುಡಿಸಿದ. ಕೊನೆಗೆ ಮುಖ್ಯ ಅತಿಥಿಗಳು ಎದ್ದು, ಇದು ಈ ಜನ್ಮದ ಸಾಧನೆಯಲ್ಲ, ಪೂರ್ವಜನ್ಮದ ಸುಕೃತ ಎಂದರು. ಚಪ್ಪಾಳೆ ಬಿತ್ತು. ನನ್ನ ಕೈ ಅರ್ಧಕ್ಕೇ ನಿಂತಿತು. ಯಾಕಂದ್ರೆ ನಮ್ಮನ್ನು ಕೇರಿಯಲ್ಲಿ ಇಟ್ಟವರು ಹೇಳುವ ಕಾರಣವೂ ಪೂರ್ವಜನ್ಮವೇ. ಅವನ ಬೆರಳಿಗೆ ಪುಣ್ಯ, ನಮ್ಮ ಹುಟ್ಟಿಗೆ ಪಾಪ. ಲೆಕ್ಕದ ಪುಸ್ತಕ ಒಂದೇ. ಆ ಹುಡುಗನ ಪ್ರತಿಭೆಯನ್ನು ಹೊಗಳುವ ಮಾತಿಗೆ ತಲೆದೂಗಿದರೆ ನಮ್ಮ ಅಸ್ಪೃಶ್ಯತೆಗೂ ರುಜು ಹಾಕಿದಂತೆ. ಜೊತೆಗೆ ಆ ಮಗುವಿಗೂ ಅನ್ಯಾಯ: ಅದು ದಿನಾ ಬೆಳಿಗ್ಗೆ ಎದ್ದು ಬೆರಳು ನೋಯಿಸಿಕೊಂಡದ್ದೆಲ್ಲ ಯಾರದೋ ಹಿಂದಿನ ಜನ್ಮದ ಖಾತೆಗೆ ಜಮಾ ಆಯಿತು.

ಹೀಗೆ ಹುಟ್ಟಿನ ಕಥೆ ಕೇಳಿದ ಮೇಲೇ ಪ್ರತಿಭೆಯನ್ನು ಒಪ್ಪುವ ಚಾಳಿ ಇಲ್ಲಿಯದು ಮಾತ್ರವಲ್ಲ. ಜಾರ್ಜ್ ಬ್ರಿಜ್‌ಟವರ್ ಎಂಬ ಕಪ್ಪು ತಂದೆಯ ಮಗ 1789ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ ಪ್ಯಾರಿಸ್ಸಿನಲ್ಲಿ ಪಿಟೀಲು ನುಡಿಸಿ ಹೆಸರಾದ. ಅವನ ತಂದೆ ತನ್ನನ್ನು ಆಫ್ರಿಕದ ರಾಜವಂಶದವನೆಂದು ಹೇಳಿಕೊಂಡು ತಿರುಗುತ್ತಿದ್ದ. ಮಗನ ಬೆರಳು ನಿಜ, ಆದರೂ ಅಪ್ಪ ವೇಷ ಹಾಕಬೇಕಾಯಿತು. 1803ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ ತಾನೇ ಪಿಯಾನೊಗೆ ಕೂತು, ಈ ಬ್ರಿಜ್‌ಟವರ್ ಜೊತೆ ಹೊಸ ಸೊನಾಟಾ ಒಂದನ್ನು ನುಡಿಸಿದ. ಮೊದಲು ಅರ್ಪಣೆಯೂ ಅವನಿಗೇ ಇತ್ತು. ಆಮೇಲೆ ಜಗಳವಾಗಿ ಬೀಥೋವನ್ ಅದನ್ನು ಕ್ರೂಟ್ಸರ್ ಎಂಬುವವನ ಹೆಸರಿಗೆ ಬದಲಾಯಿಸಿದ. ಕ್ರೂಟ್ಸರ್ ಅದನ್ನು ಸಭೆಯಲ್ಲಿ ನುಡಿಸಲೇ ಇಲ್ಲ. ಆದರೂ ಲೋಕಕ್ಕೆ ಅದು ಕ್ರೂಟ್ಸರ್ ಸೊನಾಟಾ. ಜಗಳ ಇಬ್ಬರದು, ಅಳಿಸಿಹೋದದ್ದು ಒಬ್ಬನ ಹೆಸರು.

ಇನ್ನು ಬೀದಿಯ ಕಥೆ. 2007ರ ಜನವರಿ 12ರಂದು ವಾಷಿಂಗ್ಟನ್ನಿನ ಮೆಟ್ರೊ ನಿಲ್ದಾಣದಲ್ಲಿ ಜೋಶುವಾ ಬೆಲ್ ಎಂಬ ಪ್ರಸಿದ್ಧ ವಾದಕ ಟೋಪಿ ಹಾಕಿಕೊಂಡು, 1713ರ ಸ್ಟ್ರಾಡಿವೇರಿಯಸ್ ಪಿಟೀಲು ಹಿಡಿದು 43 ನಿಮಿಷ ನುಡಿಸಿದ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಏರ್ಪಡಿಸಿದ ಪರೀಕ್ಷೆ ಅದು. ಹಾದುಹೋದವರು 1,097 ಜನ, ನಿಂತು ಕೇಳಿದವರು 7. ಬಿದ್ದ ದುಡ್ಡು 32 ಡಾಲರ್ ಚಿಲ್ಲರೆ. ಬೆಲ್‌ನನ್ನು ಗುರುತು ಹಿಡಿದ ಒಬ್ಬರು ಮಾತ್ರ ತಾವೊಬ್ಬರೇ 20 ಡಾಲರ್ ಹಾಕಿದರು. ಪತ್ರಿಕೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇದನ್ನು ಕೇಳಿ ‘ಸಾಮಾನ್ಯರಿಗೆ ಅಭಿರುಚಿ ಎಲ್ಲಿದೆ’ ಅನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಅದು ಬೆಳಗಿನ ಕೆಲಸಕ್ಕೆ ಓಡುವ ಹೊತ್ತು. ನಿಂತು ಕೇಳುವುದಕ್ಕೆ ಬಿಡುವು ಬೇಕು, ಬಿಡುವು ಎಲ್ಲರ ಆಸ್ತಿಯಲ್ಲ. ಮಕ್ಕಳು ಮಾತ್ರ ನಿಂತು ನೋಡಲು ಹವಣಿಸಿದರು, ಹೆತ್ತವರು ಎಳಕೊಂಡು ಹೋದರು ಎಂದು ಅದೇ ವರದಿಯಲ್ಲಿದೆ. ಕಿವಿ ಕೆಟ್ಟದ್ದಲ್ಲ, ಅದನ್ನು ಕೆಡಿಸುವ ಏರ್ಪಾಡು ಇದೆ. ಬೀದಿಯಲ್ಲಿ ಕೈಯೊಡ್ಡಿದವನ ಕೈಯಲ್ಲಿ ವಿದ್ಯೆ ಇರಬಹುದೆಂದು ನಂಬದ ಹಾಗೆ ನಮ್ಮನ್ನು ಬೆಳೆಸಿದ್ದಾರೆ.

ಅಮೆರಿಕದಲ್ಲೇ ಈಚಿನ ವರ್ಷಗಳಲ್ಲಿ ಇದರ ತಿರುಗುಮುರುಗು ನಡೆಯಿತು. ಅಂಗಡಿಗಳ ಮುಂದೆ ಕೆಲವರು ಪಿಟೀಲು ಹಿಡಿದು, ಸ್ಪೀಕರಿನಲ್ಲಿ ಮುದ್ರಿತ ಸಂಗೀತ ಹಾಕಿ, ಸುಮ್ಮನೆ ಕಮಾನು ಆಡಿಸಿ ಕಾಸು ಎತ್ತಿದರು. ಪೊಲೀಸರು ಊರೂರಲ್ಲಿ ಎಚ್ಚರಿಕೆ ಕೊಟ್ಟರು. ಮೋಸ ಮೋಸವೇ, ಬಡತನದ ಹೆಸರಿನಲ್ಲಿ ನಾನು ಅದನ್ನು ಸಮರ್ಥಿಸಲಾರೆ. ಆದರೆ ಅವರು ಜನರ ಮನಸ್ಸನ್ನು ಸರಿಯಾಗಿಯೇ ಓದಿಕೊಂಡಿದ್ದರು: ನೋಡಲು ಒಂದು ಚಿತ್ರ ಸಿಕ್ಕರೆ ಸಾಕು, ಬೆರಳನ್ನು ಯಾರೂ ನೋಡುವುದಿಲ್ಲ. ಒಬ್ಬ ಹೀಗೆ ಸಿಕ್ಕಿಬಿದ್ದ ಮೇಲೆ ನಿಜವಾಗಿ ನುಡಿಸುವ ಬೀದಿಯವನೂ ಕಳ್ಳನಾಗುತ್ತಾನೆ. ಸಭೆಯಲ್ಲಿ ಒಬ್ಬ ಅಪಸ್ವರ ನುಡಿಸಿದರೆ ಅದು ಅವನೊಬ್ಬನ ತಪ್ಪು. ಬೀದಿಯಲ್ಲಿ ಒಬ್ಬನ ತಪ್ಪು ಕುಲದ್ದೇ ತಪ್ಪು. ಇದು ನಮಗೆ ಗೊತ್ತಿಲ್ಲದ ನ್ಯಾಯವೇ?

ಮಡಿಯ ಮಾತನ್ನೂ ಆಡಿಬಿಡೋಣ. ಪಿಟೀಲು ಪರದೇಶದ್ದು. ಸುಮಾರು 200 ವರ್ಷಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರು, ವಡಿವೇಲು ಮುಂತಾದವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಒಳ್ಳೆಯದೇ ಆಯಿತು. ಅದರ ಹಳೆಯ ತಂತಿ ಕುರಿಯ ಕರುಳಿನದು, ಮರ ಕೂಡಿಸುವ ಅಂಟು ಚರ್ಮ ಬೇಯಿಸಿದ್ದು, ಕಮಾನಿಗೆ ಕುದುರೆಯ ಬಾಲದ ಕೂದಲು. ಇಷ್ಟೆಲ್ಲ ಇದ್ದೂ ಅದು ಮಡಿಯುಟ್ಟವರ ಎದೆಗೆ ಒರಗಿ ಕೂತಿತು. ಸಾಗರ ದಾಟಿ ಬಂದ ವಾದ್ಯಕ್ಕೆ ಸಿಕ್ಕಿದ ಚಾಪೆ, ಊರಾಚೆಯಿಂದ ಬಂದ ತಮಟೆಗೆ ಸಿಗಲಿಲ್ಲ. ಹಾಗಾದರೆ ತಕರಾರು ಚರ್ಮದ ಮೇಲಲ್ಲ, ಮುಟ್ಟುವ ಕೈಯ ಮೇಲೆ.

ದಲಿತ ವಿಮರ್ಶೆ ಇಲ್ಲಿ ತನ್ನನ್ನೂ ಕೇಳಿಕೊಳ್ಳಬೇಕು. ನಮ್ಮ ವೇದಿಕೆಗಳಲ್ಲಿ ‘ತಮಟೆ ನಮ್ಮ ರಕ್ತದಲ್ಲೇ ಇದೆ’ ಅಂತ ಎದೆ ತಟ್ಟಿಕೊಳ್ಳುತ್ತೇವೆ. ನಾನೂ ಹೇಳಿದ್ದೇನೆ. ಅದು ‘ಹುಟ್ತಾನೇ ಬತ್ತದೆ’ ಎಂಬ ಊರವರ ಮಾತೇ, ಧಾಟಿ ಮಾತ್ರ ಬೇರೆ. ದೈವದತ್ತ, ಜಾತಿಕಸುಬು, ಮೋಸ — ಈ ಮೂರು ಮಾತಿನಲ್ಲೂ ಕಲಿತವನ ದುಡಿಮೆಗೆ ಜಾಗವಿಲ್ಲ. ಪ್ರತಿಭೆ, ಮೆರಿಟ್ಟು ಎಂದು ನಮ್ಮ ಹುಡುಗರ ಮುಂದೆ ಬಾಗಿಲು ಹಾಕುವವರನ್ನು ನಾವು ಎದುರಿಸಬೇಕಾದ್ದು ರಕ್ತದ ಮಾತಿನಿಂದಲ್ಲ. ಕಲಿಸಿದವರು ಯಾರು, ಎಷ್ಟು ವರ್ಷ, ಯಾವ ಜಾಗದಲ್ಲಿ, ಯಾರ ಅನ್ನ ತಿಂದು — ಇಷ್ಟನ್ನು ಪ್ರತಿ ಪ್ರತಿಭೆಯ ಬಗ್ಗೆಯೂ ಕೇಳಬೇಕು, ನಮ್ಮದರ ಬಗ್ಗೆಯೂ.

ಅವತ್ತು ಜಾತ್ರೆಯಿಂದ ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೇರಿ ಹತ್ತಿರ ಬಂದಾಗ ‘ಆ ಹೈದ ಎಷ್ಟು ಏಟು ತಿಂದವ್ನೋ’ ಅಂದ. ಪಿಟೀಲಿನವನ ಮಗನ ಬಗ್ಗೆ. ಆ ಹುಡುಗನ ಬಗ್ಗೆ ಆ ಜಾತ್ರೆಯಲ್ಲಿ ಯಾರಾದರೂ ಆಡಿದ ನಿಜವಾದ ವಿಮರ್ಶೆ ಅದೊಂದೇ ಅಂತ ನನಗೆ ಈಗ ಅನ್ನಿಸುತ್ತದೆ.