ರೋಗಿಯ ಕಡೆಯವರು

“ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಅದರಲ್ಲಿ ರೋಗಿಯಿದ್ದಾನೆ, ವೈದ್ಯನಿದ್ದಾನೆ. ಆದರೆ ಹಾಲು ಕಾಸಿ, ಅನ್ನವನ್ನು ಮಿದುವಾಗಿ ಕಲಸಿ, ತುತ್ತು ಮಾಡಿ ಬಾಯಿಗಿಡುವವರು ಯಾರೆಂಬ ಮಾತೇ ಇಲ್ಲ. ಈ ಮೂರನೆಯ ವ್ಯಕ್ತಿಯನ್ನು ಗಾದೆ ಮರೆತಂತೆ ಕನ್ನಡ ಸಾಹಿತ್ಯವೂ ಮರೆತಿದೆಯೇ, ನೆನೆದಿದ್ದರೆ ಯಾವ ಪ್ರಯೋಜನಕ್ಕಾಗಿ ನೆನೆದಿದೆ, ಹಾಗೆ ನೆನೆಯುವಾಗ ರೋಗಿಯ ಗತಿಯೇನಾಯಿತು ಎಂಬುದು ಸಹೃದಯರು ವಿಚಾರಿಸತಕ್ಕ ವಿಷಯವಾಗಿದೆ.

ದಾವಣಗೆರೆಯ ಅಂಚಿನ ಆನೆಕೊಂಡವು ಒಂದು ಕಾಲಕ್ಕೆ ಬೇರೆಯೇ ಆದ ಹಳ್ಳಿ. ಪಟ್ಟಣವು ಬೆಳೆದು ಇಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅಲ್ಲಿಯ ಹಳೆಯ ಕಲ್ಲಿನ ಈಶ್ವರ ದೇವಾಲಯದ ಕಡೆಯಿಂದ ಬೆಳಗಿನ ಹೊತ್ತು ಬುತ್ತಿಯ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಮಡಿಸಿದ ಕಂಬಳಿ ಹಿಡಿದು ಹೊರಡುವವರಲ್ಲಿ ಕೆಲವರ ದಾರಿ ಆಸ್ಪತ್ರೆಯದೆಂದು ನೋಡಿದವರು ಕೂಡಲೇ ತಿಳಿಯುವರು. ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿಗಳಿಂದ ಬಸ್ಸಿನಲ್ಲಿ ಬಂದವರಿಗಂತೂ ಆಸ್ಪತ್ರೆಯ ಜಗಲಿಯೇ ಮನೆ. ವಾರ್ಡಿನ ಬಾಗಿಲಲ್ಲಿ ದಾದಿ ಬಂದು “ಪೇಶೆಂಟ್ ಕಡೆಯವರು ಯಾರು?” ಎಂದು ಕೂಗಿದೊಡನೆ ಅವರಲ್ಲೊಬ್ಬರು ಎದ್ದು ನಿಲ್ಲುವರು. ಚೀಟಿ ಹಿಡಿದು ಔಷಧದ ಅಂಗಡಿಗೆ ಓಡುವವರು ಅವರು. ರಕ್ತದ ಶೀಶೆಯನ್ನು ಪರೀಕ್ಷೆಗೆ ಒಯ್ಯುವವರು, ಗಾಲಿಮಂಚವನ್ನು ತಳ್ಳುವವರು ಅವರು. ಡ್ರಿಪ್ಪಿನ ಬಾಟಲಿ ಬರಿದಾಗುವುದನ್ನು ರಾತ್ರಿಯೆಲ್ಲ ಕಾದಿದ್ದು ದಾದಿಯನ್ನು ಕರೆಯುವವರೂ ಅವರೇ. ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವರು ಬರಿಯ ‘ಕಡೆಯವರು’. ಕನ್ನಡದಲ್ಲಿ ‘ಕಡೆ’ ಎಂದರೆ ಪಕ್ಷವೂ ಹೌದು, ಕೊನೆಯೂ ಹೌದು. ರೋಗಿಯ ಪಕ್ಷ ವಹಿಸಿ ನಿಂತವರು ಎಲ್ಲರ ಗಮನಕ್ಕೂ ಕೊನೆಯವರಾಗಿ ಉಳಿದಿರುವುದನ್ನು ಈ ಒಂದು ಶಬ್ದವೇ ಸಾರುತ್ತದೆ.

ಪೂರ್ವಿಕರಿಗೆ ಈ ವಿಷಯ ತಿಳಿಯದಿದ್ದುದಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವಗಳಿರಬೇಕು. ರೋಗಿಗೂ ನಾಲ್ಕು ಗುಣಗಳನ್ನು ವಿಧಿಸಿದೆ. ಅವುಗಳಲ್ಲಿ ಒಂದು, ತನ್ನ ರೋಗವನ್ನು ತಾನೇ ತಿಳಿಯಹೇಳುವ ಶಕ್ತಿ. ರೋಗಿಯ ಮಾತೂ ಚಿಕಿತ್ಸೆಯ ಒಂದು ಅಂಗವೆಂದು ಹಿಂದೆಯೇ ಒಪ್ಪಿದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಶಾಸ್ತ್ರವು ಒಪ್ಪಿದ ಈ ಮಾತನ್ನು ಕಾವ್ಯವು ಎಷ್ಟರಮಟ್ಟಿಗೆ ಆಲಿಸಿತು?

1112ರಲ್ಲಿ ಮುಳುಗುಂದದ ನಯಸೇನನು ರಚಿಸಿದ ಧರ್ಮಾಮೃತದಲ್ಲಿ, ಜುಗುಪ್ಸೆಪಡದಿರುವುದೆಂಬ ಗುಣಕ್ಕೆ ನಿದರ್ಶನವಾಗಿ ಔದ್ದಾಯನ ಮಹಾರಾಜನ ಕಥೆ ಬರುತ್ತದೆ. ಕೊಳೆತ ಮೈಯ ಮುನಿಯೊಬ್ಬನು ಬಂದು ಉಂಡು ಕಾರಿಕೊಂಡಾಗ ಅರಸನು ಹೇಸದೆ ಉಪಚರಿಸುತ್ತಾನೆ. ರೋಗಿಯ ಮೈಯನ್ನು ಮುಟ್ಟಲು ಅಳುಕುವ ಲೋಕಕ್ಕೆ ಇದು ದೊಡ್ಡ ಪಾಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊನೆಯಲ್ಲಿ ತಿಳಿಯುವುದೇನು? ಬಂದವನು ಮುನಿಯೂ ಅಲ್ಲ, ರೋಗಿಯೂ ಅಲ್ಲ. ಅರಸನನ್ನು ಪರೀಕ್ಷಿಸಲು ವೇಷಧರಿಸಿ ಬಂದ ದೇವತೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿ ರೋಗಿ ನಿಜವಾದ ರೋಗಿ. ಆತನನ್ನು ಗುಣಪಡಿಸಲು ಬಂದ ವೈದ್ಯರು ವೇಷದ ದೇವತೆಗಳು. ರೋಗವೇನೋ ಬಾಯಿಬಿಟ್ಟು ಮಾತನಾಡುತ್ತದೆ, ಆದರೆ ಸಂಸಾರವೆಂಬ ರೋಗದ ಮುಂದೆ ಮೈಯ ರೋಗ ಅಲ್ಪವೆಂದು ಸಾರುವುದಕ್ಕಾಗಿ. ಎರಡು ಕಥೆಗಳೂ ಉದಾತ್ತವಾದುವು. ಎರಡರಲ್ಲಿಯೂ ರೋಗವು ಮತ್ತೊಂದಕ್ಕೆ ನೆಪ. ರೋಗಿಯ ಮಂಚದ ಬಳಿ ನಡೆದುದು ರೋಗಿಗಾಗಿ ನಡೆದುದಲ್ಲ.

ಎಂಟು ಶತಮಾನಗಳ ಬಳಿಕ ಬಂದ ಒಂದು ಕಾದಂಬರಿಯಲ್ಲಿ ಇದೇ ಪ್ರಶ್ನೆ ಹೊಸ ತೀಕ್ಷ್ಣತೆಯನ್ನು ಪಡೆದಿದೆ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಧರ್ಮಸಂಕಟದ ಕಥೆಯೆಂದು ಎಲ್ಲರೂ ಓದುವರು, ಅದು ಶುಶ್ರೂಷೆಯ ಕಥೆಯೂ ಹೌದೆಂಬುದನ್ನು ಗಮನಿಸಿದವರು ಕಡಮೆ. ದೂರ್ವಾಸಪುರದ ಪ್ರಾಣೇಶಾಚಾರ್ಯರು ಬೇಕೆಂದೇ ರೋಗಿಷ್ಠೆಯಾದ ಭಾಗೀರಥಿಯನ್ನು ಮದುವೆಯಾದವರು. ದಿನವೂ ಆಕೆಗೆ ಸ್ನಾನಮಾಡಿಸಿ, ಗಂಜಿ ಕುಡಿಸಿ, ಮದ್ದು ಕೊಡುವರು. ಆ ಸೇವೆಯಿಂದ ತಮ್ಮ ಜೀವ ಹಣ್ಣಾಗುತ್ತಿದೆಯೆಂದು ಅವರ ನಂಬುಗೆ. ಗಂಡನು ಹೆಂಡತಿಯನ್ನು ಉಪಚರಿಸುವ ಚಿತ್ರವೇ ಕನ್ನಡದಲ್ಲಿ ವಿರಳ. ಅದನ್ನು ಇಷ್ಟು ಸಹಜವಾಗಿ ಬರೆದುದಕ್ಕೆ ಗ್ರಂಥಕರ್ತರು ಶ್ಲಾಘ್ಯರು. ಆದರೆ ಆಚಾರ್ಯರ ಮನಸ್ಸಿನಲ್ಲಿ ಭಾಗೀರಥಿಯು ಹೆಂಡತಿಯಾಗಿರುವುದಕ್ಕಿಂತ ಹೆಚ್ಚಾಗಿ ಸಾಧನೆಯ ಉಪಕರಣವಾಗಿದ್ದಾಳೆ. ಆಕೆ ಗುಣವಾದರೆ ಅವರ ತಪಸ್ಸೇ ಕೆಟ್ಟೀತು! ಔದ್ದಾಯನನ ಕಥೆಯಲ್ಲಿ ಮರೆಯಾಗಿದ್ದ ತೊಡಕು ಇಲ್ಲಿ ಬಯಲಿಗೆ ಬಂದಿದೆ.

ಭಾಗೀರಥಿಯು ಆರಂಭದಲ್ಲಿಯೇ ಒಂದು ಮಾತನ್ನಾಡುತ್ತಾಳೆ: ತನ್ನನ್ನು ಕಟ್ಟಿಕೊಂಡು ಸುಖವಿಲ್ಲ, ಮನೆಗೊಂದು ಮಗು ಬೇಕು, ಇನ್ನೊಂದು ಮದುವೆಯಾಗಬಾರದೇ ಎಂಬ ಅರ್ಥದ ಮಾತು. ಆಚಾರ್ಯರು ಅದನ್ನು ನಕ್ಕು ತೇಲಿಸಿಬಿಡುವರು. ವರ್ಷಗಟ್ಟಲೆ ಹಾಸಿಗೆ ಹಿಡಿದವಳು, ತನ್ನಿಂದ ಇನ್ನೊಬ್ಬರಿಗೆ ಹೊರೆಯಾಯಿತೆಂದು ಕೊರಗುವವಳು ಆಡಿದ ಈ ಮಾತಿಗೆ ಒಂದು ನಗೆಯೇ ಉತ್ತರವಾಯಿತು. ಮುಂದೆ ಚಂದ್ರಿಯ ಸಂಗದ ಬಳಿಕ ಮನೆಗೆ ಬಂದು ಹೆಂಡತಿಗೆ ಸ್ನಾನಮಾಡಿಸುವಾಗ ಆಚಾರ್ಯರಿಗೆ ಆಕೆಯ ಬತ್ತಿದ ಮೈ ಮೊದಲ ಸಲ ಕಣ್ಣಿಗೆ ಬೀಳುತ್ತದೆ, ಹೇಸಿಕೆ ಹುಟ್ಟುತ್ತದೆ. ಶುಶ್ರೂಷೆಯನ್ನು ಕುರಿತು ಕನ್ನಡದಲ್ಲಿ ಇದಕ್ಕಿಂತ ಸತ್ಯವಾದ ಸನ್ನಿವೇಶ ಸಿಗುವುದು ಕಷ್ಟ. ಇಷ್ಟು ವರ್ಷ ಮುಟ್ಟಿದ ಕೈಗೆ ಮೈ ಕಂಡಿರಲಿಲ್ಲ! ಆಚಾರ್ಯರ ಕೊರತೆಯನ್ನು ಕಾದಂಬರಿಯೇ ಅರಿತಿದೆ, ಅದನ್ನು ಮುಚ್ಚುವುದಿಲ್ಲ. ಆದರೂ ಆ ಕ್ಷಣದಲ್ಲಿ ತನ್ನನ್ನು ನೋಡಿದ ಕಣ್ಣು ಬೇರೆಯಾಯಿತೆಂದು ಭಾಗೀರಥಿಗೆ ತಿಳಿಯಿತೇ ಎಂಬುದನ್ನು ಕಾದಂಬರಿ ಕೇಳುವುದಿಲ್ಲ. ಆಕೆ ಪ್ಲೇಗಿಗೆ ತುತ್ತಾಗುವಳು. ಆಕೆಯ ಸಾವು ಆಚಾರ್ಯರ ಪ್ರಯಾಣಕ್ಕೆ ಬಾಗಿಲು ತೆರೆಯುವುದು. ಇಲ್ಲಿಯೂ ಕೊನೆಯ ಮಾತು ಉಪಚರಿಸಿದವರದೇ.

‘ಸಂಸ್ಕಾರ’ವು ಪ್ರಕಟವಾದ ಆ 1965ರಲ್ಲಿಯೇ ದಾವಣಗೆರೆಯಲ್ಲಿ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಎರಡಕ್ಕೂ ಸಂಬಂಧವಿಲ್ಲದಿದ್ದರೂ ಕಾಲದ ಗತಿಯನ್ನು ತಿಳಿಯಲು ಈ ಜೊತೆ ಉಪಯುಕ್ತವಾಗಿದೆ. ನಡುಮನೆಯ ಮೂಲೆಯಲ್ಲಿ ನಡೆಯುತ್ತಿದ್ದ ಉಪಚಾರವು ಆ ಕಾಲದಿಂದ ಈಚೆಗೆ ಹೆಚ್ಚುಹೆಚ್ಚಾಗಿ ವಾರ್ಡಿನ ಮಂಚದ ಬಳಿಗೆ ಸರಿಯಿತು. ಮನೆಯಲ್ಲಿ ಯಜಮಾನಿಯಾಗಿದ್ದವಳು ವಾರ್ಡಿನಲ್ಲಿ ‘ಕಡೆಯವಳು’ ಆದಳು. ಮನೆಯ ಪಡಸಾಲೆಯಲ್ಲಿ ಹೆಸರಿದ್ದ ರೋಗಿಗೆ ವಾರ್ಡಿನಲ್ಲಿ ಮಂಚದ ಅಂಕಿಯೇ ಹೆಸರಾಯಿತು. ಸಾಹಿತ್ಯಕ್ಕೆ ಇದು ಹೊಸ ವಸ್ತು. ಅದನ್ನು ಧೈರ್ಯವಾಗಿ ಎತ್ತಿಕೊಂಡವರು ಒಬ್ಬ ಲೇಖಕಿ.

ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿ, 1963ರಲ್ಲಿ 35 ವರ್ಷ ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ವನ್ನು ಬಹುಮಂದಿ 1971ರ ಪುಟ್ಟಣ್ಣ ಕಣಗಾಲರ ಚಲನಚಿತ್ರದಿಂದ ಬಲ್ಲರು, ಕಾದಂಬರಿಯನ್ನೂ ಓದಬೇಕು. ಕಥಾನಾಯಕಿ ಕಾವೇರಿಯು ಬಾಣಂತಿತನದಲ್ಲಿ ಮನೋರೋಗಕ್ಕೆ ಗುರಿಯಾಗಿ, ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಹಿಂದಿರುಗುತ್ತಾಳೆ. ಆಸ್ಪತ್ರೆಯ ದಿನಚರಿಗಿಂತ ಹಿಂದಿರುಗಿದ ಬಳಿಕದ ಮನೆಯೇ ಇಲ್ಲಿ ಮುಖ್ಯವಸ್ತು. ಆಕೆ ನಕ್ಕರೆ ಅನುಮಾನ, ಸಿಟ್ಟಾದರೆ ಭಯ. ಆರೋಗ್ಯವಂತರಿಗೆ ಸಹಜವಾದುದೆಲ್ಲವೂ ಆಕೆಯಲ್ಲಿ ಕಂಡಾಗ ರೋಗದ ಚಿಹ್ನೆ. ಗಂಡ ಸತೀಶನ ಮನಸ್ಸು ಮತ್ತೊಬ್ಬಳಲ್ಲಿ ನೆಲಸಿದೆಯೆಂದು ತಿಳಿದಾಗ ಆಕೆಯ ಚಿತ್ತ ಮತ್ತೆ ಕದಡುತ್ತದೆ, ಆಸ್ಪತ್ರೆಯ ಬಾಗಿಲು ಮತ್ತೆ ತೆರೆಯುತ್ತದೆ. ಔಷಧವು ಗುಣಪಡಿಸಿದುದನ್ನು ಮನೆಯವರ ಕಣ್ಣು ಕೆಡಿಸಿತೆಂಬುದೇ ಈ ಕೃತಿಯ ತಾತ್ಪರ್ಯ. ಇಲ್ಲಿ ಮೊದಲ ಬಾರಿಗೆ ರೋಗಿಯು ವೇಷವಲ್ಲ, ನೆಪವಲ್ಲ, ತಪಸ್ಸಿನ ಉಪಕರಣವೂ ಅಲ್ಲ. ತನ್ನನ್ನು ಇತರರು ಹೇಗೆ ನೋಡುತ್ತಿರುವರೆಂಬುದನ್ನು ಆಕೆ ಬಲ್ಲಳು, ಅದನ್ನು ಓದುಗರೂ ಆಕೆಯ ಕಣ್ಣಿನಿಂದಲೇ ಬಲ್ಲರು. ಭಾಗೀರಥಿಗೆ ಸಿಕ್ಕದುದು ಕಾವೇರಿಗೆ ಸಿಕ್ಕಿದೆ.

ಈ ಕೃತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಕಾವೇರಿಯ ಪಕ್ಷವನ್ನು ವಹಿಸುವ ಆವೇಶದಲ್ಲಿ ಲೇಖಕಿಯು ಮನೆಯವರ ಭಯವನ್ನು ದೋಷವೆಂದೇ ಎಣಿಸಿದ್ದಾರೆ; ಆ ಭಯವೂ ಒಂದು ಬಗೆಯ ಯಾತನೆಯೆಂದು ತೋರಿಸಿಲ್ಲ. ರೋಗಿಯ ಉಗ್ರಾವಸ್ಥೆಯನ್ನು ಕಂಡು ಬೆದರಿದವರಿಗೆ, ಗುಣವಾಗುವುದು ಹೇಗೆ, ಮನೆಗೆ ಬಂದ ಮೇಲೆ ನಡೆದುಕೊಳ್ಳುವುದು ಹೇಗೆ ಎಂದು ಹೇಳಿಕೊಟ್ಟವರು ಯಾರು? ಅದೇ ಕಾಲದಲ್ಲಿ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ ಎಂಬವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಮನೆಯವರನ್ನೂ ಇರಿಸಿಕೊಂಡು ಚಿಕಿತ್ಸೆ ನಡಸಿದರು. ರೋಗವು ಇಳಿಯುವುದನ್ನು ಕಣ್ಣಾರೆ ಕಂಡ ಮನೆಯವರು ರೋಗಿಯನ್ನು ಭಯವಿಲ್ಲದೆ ಕರೆದೊಯ್ದರು. ಸತೀಶನನ್ನೂ ಅಂಥದೊಂದು ಡೇರೆಯಲ್ಲಿ ಕೆಲವು ವಾರ ಕೂರಿಸಿದ್ದರೆ ಅವನ ಚಾಪಲ್ಯ ಹೋಗುತ್ತಿತ್ತೆಂದು ಹೇಳಲಾಗದು. ಆದರೆ ‘ಗುಣವಾದಳು’ ಎಂಬ ಮಾತು ಅವನ ಪಾಲಿಗೆ ವೈದ್ಯರ ಕಾಗದದ ಮೇಲಿನ ಬರಹವಾಗಿಯೇ ಉಳಿಯುತ್ತಿರಲಿಲ್ಲ. ‘ಶರಪಂಜರ’ದ ದುರಂತವು ಕೆಟ್ಟ ಗಂಡನೊಬ್ಬನ ದುರಂತವಷ್ಟೇ ಅಲ್ಲ, ಆಸ್ಪತ್ರೆಗೂ ಮನೆಗೂ ನಡುವೆ ಸೇತುವೆಯಿಲ್ಲದುದರ ದುರಂತ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ತನ್ನ ಚಿಕಿತ್ಸೆ ಹೇಗಿರಬೇಕೆಂದು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನೂ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನೂ ರೋಗಿಗೆ ಕೊಟ್ಟಿದೆ. ತನ್ನ ‘ಕಡೆಯವರು’ ಯಾರೆಂದು ರೋಗಿಯೇ ಹೇಳಬಹುದೆಂದು ಕಾನೂನು ಒಪ್ಪಿದಂತಾಯಿತು. ಕಾವೇರಿಯ ಕೈಗೆ ಆ ಕಾಗದವನ್ನು ಕೊಟ್ಟಿದ್ದರೆ ಅವಳು ಯಾರ ಹೆಸರನ್ನು ಬರೆಯುತ್ತಿದ್ದಳು? ಈ ಪ್ರಶ್ನೆಯೊಡನೆ ಕಾದಂಬರಿಯನ್ನು ಮತ್ತೆ ಓದಿದವರಿಗೆ ಅದರ ನೋವು ಇಮ್ಮಡಿಯಾಗದೆ ಇರದು.

ವೈದ್ಯರೇ ಲೇಖನಿ ಹಿಡಿದ ಭಾಗ್ಯವೂ ಕನ್ನಡಕ್ಕೆ ಉಂಟು. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದ ಡಾ. ಎಂ. ಶಿವರಾಮ್ (ರಾಶಿ) ಅವರ ‘ಮನಮಂಥನ’, ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಮೊದಲಾದ ಗ್ರಂಥಗಳು ಸುಶಿಕ್ಷಿತ ಮನೆಗಳಲ್ಲಿ ಉಂಟುಮಾಡಿದ ತಿಳಿವಳಿಕೆ ಅಲ್ಪವಲ್ಲ. ಆದರೆ ಇವು ವೈದ್ಯರ ಕುರ್ಚಿಯಿಂದ ಹೇಳಿದ ಹಿತವಚನಗಳು. ಮಂಚದ ಮೇಲಿಂದಲೂ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದವರಿಂದಲೂ ಬರಬೇಕಾದ ಬರಹ ಬೇರೆ. “ಅವರಿಗೆ ಮಾತ್ರ ಹೇಳಬೇಡಿ ಡಾಕ್ಟರೇ” ಎಂದು ಮನೆಯವರು ವೈದ್ಯರನ್ನು ಬೇಡುವುದು, ಎಲ್ಲ ತಿಳಿದ ರೋಗಿಯು ಮನೆಯವರು ನೊಂದಾರೆಂದು ತಿಳಿಯದವನಂತೆ ನಟಿಸುವುದು, ಹೀಗೆ ಪ್ರೀತಿಯಿಂದಲೇ ಎರಡು ಕಡೆಯವರೂ ಒಂಟಿಯಾಗುವುದು, ಇದು ಯಾವ ಆಸ್ಪತ್ರೆಯಲ್ಲಿಯೂ ಕಾಣುವ ಸಂಗತಿ. 2020–21ರ ಕೋವಿಡ್ ಕಾಲದಲ್ಲಿ ವಾರ್ಡಿನೊಳಕ್ಕೆ ಮನೆಯವರಿಗೆ ಪ್ರವೇಶವಿಲ್ಲದೆ, ಒಳಗಿನವರು ಒಬ್ಬರೇ ನರಳಿದರು, ಹೊರಗಿನವರು ಫೋನು ಹಿಡಿದು ಗೇಟಿನ ಬಳಿ ಕಾದರು. ಕಡೆಯವರಿಲ್ಲದ ರೋಗಿಯ ಸ್ಥಿತಿ ಎಂಥದೆಂದು ಆಗ ನಾಡಿಗೆಲ್ಲ ತಿಳಿಯಿತು. ಇಂಥ ಅನುಭವಗಳು ಮಾತಿನಲ್ಲಿ ಮುಗಿದುಹೋಗದೆ ಕೃತಿಗಳಾಗಿ ನೆಲೆ ನಿಲ್ಲಬೇಕಾಗಿವೆ.

ಕಾವ್ಯವು ಆಸ್ಪತ್ರೆಯ ವರದಿಯಲ್ಲ, ಲೌಕಿಕವಾದ ನೋವನ್ನು ಮೇಲಿನ ಅರ್ಥಕ್ಕೆ ಏರಿಸುವುದೇ ಅದರ ಕೆಲಸ ಎಂದು ಕೆಲವರು ಆಕ್ಷೇಪಿಸಬಹುದು. ಏರಿಸುವುದು ತಪ್ಪಲ್ಲ, ಏರಿಸುವ ಭರದಲ್ಲಿ ನೊಂದವರನ್ನು ಕೆಳಗೆ ಬಿಡುವುದು ತಪ್ಪು. ಸೇವೆ ಮಾಡಿದವರಿಗೆ ಪುಣ್ಯ ಬಂದಿತೆಂದು ಹೇಳಿ ಮುಗಿಸಿದ ಕಥೆಯು ಸೇವಕರನ್ನೂ ಸರಿಯಾಗಿ ಕಂಡುದಲ್ಲ. ಅವರ ದಣಿವು, ಬೇಸರ, ಒಮ್ಮೊಮ್ಮೆ ಬರುವ ಸಿಟ್ಟು, ಸಾಲದ ಚಿಂತೆ, ‘ಇದು ಮುಗಿದರೆ ಸಾಕು’ ಎಂಬ ಯೋಚನೆ, ಹಾಗೆ ಯೋಚಿಸಿದೆನೆಂಬ ನಾಚಿಕೆ, ಇವುಗಳಿಗೆ ಪುಣ್ಯದ ಲೆಕ್ಕದಲ್ಲಿ ಎಡೆಯಿಲ್ಲ. ರೋಗವನ್ನು ಕುರಿತ ಕೃತಿಯ ಯೋಗ್ಯತೆಯನ್ನು ಅಳೆಯಲು ಎರಡೇ ಪ್ರಶ್ನೆಗಳು ಸಾಕು: ರೋಗಿಯು ಅದರಲ್ಲಿ ಕೊನೆಯವರೆಗೂ ಮನುಷ್ಯನಾಗಿ ಉಳಿದನೇ? ಉಪಚರಿಸಿದವರು ದೇವರಾಗದೆ ಮನುಷ್ಯರಾಗಿಯೇ ಉಳಿದರೇ?

ದಾವಣಗೆರೆಯಿಂದ ತುಸು ದೂರದಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ, ಒಂದೇ ಮೂರ್ತಿಯಲ್ಲಿ ಎರಡು ದೇವರನ್ನು ಕಡೆದಿದ್ದಾರೆ. ಒಂದು ಪಾರ್ಶ್ವವನ್ನು ಮಾತ್ರ ನೋಡಿ ಬಂದವರು ಹರಿಹರೇಶ್ವರನನ್ನು ನೋಡಿ ಬಂದೆವೆಂದು ಹೇಳಲಾರರು. ಆಸ್ಪತ್ರೆಯ ಮಂಚದ ಬಳಿಯೂ ರೋಗಿ, ಕಡೆಯವರು ಎಂಬ ಇಬ್ಬರು ಒಂದೇ ಕಷ್ಟದ ಎರಡು ಪಾರ್ಶ್ವಗಳಾಗಿದ್ದಾರೆ. ನಯಸೇನನು ಒಂದನ್ನು ಕಂಡನು, ತ್ರಿವೇಣಿಯವರು ಮತ್ತೊಂದನ್ನು ಕಂಡರು. ಎರಡನ್ನೂ ಕೂಡಿಸಿ ಕಡೆಯುವವರಿಗೆ ಆನೆಕೊಂಡದಿಂದ ಬುತ್ತಿ ಹೊತ್ತು ನಡೆಯುವವರ ದಾರಿಯಲ್ಲಿಯೇ ಬೇಕಾದಷ್ಟು ಸಾಮಗ್ರಿ ಬಿದ್ದಿದೆ.