ಜೀವಂಧರ ಕಥೆಯ ನಾಯಿ ಮತ್ತು ಶ್ರಾವಕನ ಹೊಸ್ತಿಲು

ನಮ್ಮ ಪ್ರಥಮಾನುಯೋಗದ ಕನ್ನಡ ಕಾವ್ಯಗಳಲ್ಲಿ ನಾಯಿಯು ಪಾತ್ರವಾಗಿ ಬರುವ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಒಂದು ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯದು. ಇನ್ನೊಂದು ಭಾಸ್ಕರ ಕವಿಯು 1424ರಲ್ಲಿ ಪೆನುಗೊಂಡೆಯಲ್ಲಿ ಭಾಮಿನೀ ಷಟ್ಪದಿಯಲ್ಲಿ ರಚಿಸಿದ ‘ಜೀವಂಧರ ಚರಿತೆ’ಯದು. ಇಂಡಿ ತಾಲ್ಲೂಕಿನ ತಾಂಬಾದಂಥ ಊರುಗಳಿಂದ ಉದ್ಯೋಗಕ್ಕಾಗಿ ಪುಣೆ, ಬೆಂಗಳೂರುಗಳಿಗೆ ಹೋದ ಮಕ್ಕಳು ಆಶ್ರಯಧಾಮದ ನಾಯಿಯೊಂದನ್ನು ಮನೆಗೆ ತರುವ ಮಾತೆತ್ತಿದಾಗ, ಹಿರಿಯರು “ಅದು ನಮ್ಮ ಆಚಾರಕ್ಕೆ ಒಗ್ಗದು” ಎನ್ನುತ್ತಾರೆ, ಮಕ್ಕಳು “ದಯೆಯೇ ನಮ್ಮ ಧರ್ಮವಲ್ಲವೇ?” ಎನ್ನುತ್ತಾರೆ. ಈ ವಾದದಲ್ಲಿ ಮೇಲಿನ ಕಾವ್ಯಗಳು ನಮಗೆ ಎಷ್ಟು ದೂರ ದಾರಿ ತೋರಬಲ್ಲವೆಂಬುದನ್ನು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನ್ನನ ಕಾವ್ಯದಲ್ಲಿ, ಹಿಟ್ಟಿನ ಕೋಳಿಯ ಬಲಿಗೆ ಮಗನನ್ನು ಪ್ರೇರಿಸಿದ ಚಂದ್ರಮತಿಯು ನಾಯಿಯಾಗಿ ಹುಟ್ಟುತ್ತಾಳೆ. ಮಗ ಯಶೋಧರನು ನವಿಲಾಗುತ್ತಾನೆ. ತಮ್ಮದೇ ಅರಮನೆಯಲ್ಲಿ ಆ ನಾಯಿಯು ನವಿಲನ್ನು ಕೊಲ್ಲುತ್ತದೆ. ಯಶೋಧರನ ಮಗನಾದ ಅರಸನು ತನ್ನ ಅಜ್ಜಿಯೆಂದರಿಯದೆ ನಾಯಿಯನ್ನು ಕೊಲ್ಲುತ್ತಾನೆ. ಹೊಸ್ತಿಲಿನ ಹೊರಗೆ ನಿಂತಿರುವ ಜೀವವು ಯಾವ ಜನ್ಮದಲ್ಲಿಯೋ ನಮ್ಮವರೇ ಆಗಿರಬಹುದೆಂಬ ಅರಿವನ್ನು ಈ ಕಥೆಯಷ್ಟು ಕಠೋರವಾಗಿ ಮೂಡಿಸುವ ಕಥೆ ಅಪರೂಪ. ಆದರೆ ಇಲ್ಲಿ ನಾಯಿಜನ್ಮವು ಕರ್ಮಫಲದ ದೃಷ್ಟಾಂತ. ನಾಯಿಯ ಹಸಿವು, ನೋವು ಕವಿಯ ವಿಷಯವಲ್ಲ.

ಜೀವಂಧರ ಕಥೆಯ ರೀತಿ ಬೇರೆ. ಭಾಸ್ಕರನಿಗೆ ಆಧಾರವಾದುದು ವಾದೀಭಸಿಂಹ ಸೂರಿಯ ಸಂಸ್ಕೃತ ಕೃತಿ. ಯಜ್ಞದ ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಏಟು ತಿಂದ ನಾಯಿಯೊಂದು ಪ್ರಾಣ ಬಿಡುತ್ತಿರುತ್ತದೆ. ಅದನ್ನು ಉಳಿಸಲಾಗದ ಜೀವಂಧರನು ಬಳಿಯಲ್ಲಿ ಕುಳಿತು ಪಂಚನಮಸ್ಕಾರವನ್ನು ಕೇಳಿಸುತ್ತಾನೆ. ನಾಯಿಯು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಸಂಕಟಕಾಲದಲ್ಲಿ ಅವನನ್ನು ರಕ್ಷಿಸುತ್ತದೆ.

ಈ ಪ್ರಸಂಗವನ್ನು ಮಂತ್ರಮಹಿಮೆಯ ಕಥೆಯೆಂದೇ ಓದುವುದು ರೂಢಿ. ಅದು ತಪ್ಪಲ್ಲ, ಆದರೆ ಅಪೂರ್ಣ. ಎಲ್ಲರೂ ಹೊಡೆದಟ್ಟಿದ ಪ್ರಾಣಿಯ ಪಕ್ಕದಲ್ಲಿ ರಾಜಕುಮಾರನು ಕುಳಿತುದು ಮಂತ್ರಕ್ಕಿಂತ ಮೊದಲಿನ ಕ್ರಿಯೆ. ಆಗ ಅವನಿಗೆ ಅದು ಯಕ್ಷನಾಗುವುದೆಂಬ ಅರಿವಿರಲಿಲ್ಲ. ಕಥೆಯ ನಿಜವಾದ ಸತ್ತ್ವ ಇಲ್ಲಿದೆ. ಆದರೂ ಕಥೆಗೆ ಒಂದು ಮಿತಿಯಿದೆಯೆಂದು ವಿನಯದಿಂದಲೇ ಹೇಳಬೇಕಾಗಿದೆ. ನಾಯಿಯು ಬೇಗನೆ ದೇಹ ಬಿಟ್ಟು, ದಿವ್ಯರೂಪದಲ್ಲಿ ಮರಳಿ, ಉಪಕಾರ ತೀರಿಸುತ್ತದೆ. ಆಶ್ರಯಧಾಮದ ಕುಂಟ ನಾಯಿ ಹಾಗೆ ಮಾಡುವುದಿಲ್ಲ. ಅದು ಹತ್ತು ಹನ್ನೆರಡು ವರ್ಷ ಬದುಕಬಹುದು. ದಿನವೂ ಹಸಿಯುತ್ತದೆ, ಕಾಯಿಲೆ ಬೀಳುತ್ತದೆ, ಮುದಿಯಾಗುತ್ತದೆ. ಯಕ್ಷನಾಗದ ನಾಯಿಗೆ ನಮ್ಮಲ್ಲಿ ಎಡೆಯಿದೆಯೇ? ಈ ಪ್ರಶ್ನೆಗೆ ಉತ್ತರವನ್ನು ಚರಣಾನುಯೋಗದಲ್ಲಿಯೇ ಹುಡುಕಬೇಕು.

ಅಲ್ಲಿ ಮೊದಲಿಗೆ ಎದುರಾಗುವುದು ಹಿರಿಯರ ಆಕ್ಷೇಪಕ್ಕೆ ಬೆಂಬಲ. ಸ್ವಾಮಿ ಕುಮಾರರ ‘ಕಾರ್ತಿಕೇಯಾನುಪ್ರೇಕ್ಷೆ’ಯು ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸುತ್ತದೆ. ಇದನ್ನು ಹಳೆಯ ಮಡಿವಂತಿಕೆಯೆಂದು ತಳ್ಳಿಹಾಕುವಂತಿಲ್ಲ. ಸಾಕಿದ ಪ್ರಾಣಿಗಾಗಿ ಮಾಂಸ ಕೊಳ್ಳುವವನು ಒಂದು ಜೀವದ ಹೆಸರಿನಲ್ಲಿ ನೂರು ಜೀವಗಳ ವಧೆಗೆ ಪಾಲುದಾರನಾಗುತ್ತಾನೆ. ಬೆಕ್ಕಿನ ದೇಹಕ್ಕೆ ಮಾಂಸಾಹಾರವು ಅನಿವಾರ್ಯವಾದುದರಿಂದ ಅದರ ಮಟ್ಟಿಗೆ ಆಕ್ಷೇಪವು ನಿಲ್ಲುತ್ತದೆ. ನಾಯಿಯ ವಿಷಯ ಭಿನ್ನ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಶಕ್ತಿ ಹೆಚ್ಚಿದೆಯೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಪಶುವೈದ್ಯರ ಸಲಹೆಯಂತೆ ಧಾನ್ಯ, ಬೇಳೆ, ಹಾಲಿನ ಉತ್ಪನ್ನಗಳಿಂದ ಸಮತೋಲದ ಆಹಾರ ಕೊಟ್ಟರೆ ನಾಯಿಯು ಆರೋಗ್ಯವಾಗಿರಬಲ್ಲುದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಗೆ ವಿಷಕಾರಿ. ಅವು ನಮ್ಮ ಅನೇಕ ಮನೆಗಳಲ್ಲಿ ಮೊದಲೇ ಇಲ್ಲ. ಆದರೆ ದ್ರಾಕ್ಷಿ, ಒಣದ್ರಾಕ್ಷಿಗಳೂ ಅದರ ಮೂತ್ರಪಿಂಡಕ್ಕೆ ಮಾರಕವೆಂಬುದನ್ನು ದ್ರಾಕ್ಷಿ ಬೆಳೆಯುವ ನಮ್ಮ ವಿಜಯಪುರ ಜಿಲ್ಲೆಯವರು ಮರೆಯಬಾರದು.

ಎರಡನೆಯ ಪರೀಕ್ಷೆ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿದೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಮನೆಗೆ ತರುವವನಿಗೆ ಇದಕ್ಕಿಂತ ನೇರವಾದ ಪ್ರಶ್ನಾವಳಿ ಬೇರೆ ಬೇಕಿಲ್ಲ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವ ಮನೆ ಬಂಧದ ಮನೆ. ಕಲಿಸುವ ನೆಪದಲ್ಲಿ ಬಡಿಯುವುದು ವಧ. ಅಂದಕ್ಕಾಗಿ ಬಾಲ, ಕಿವಿ ಕತ್ತರಿಸುವುದು ಛೇದ. ಊರಿಗೆ ಹೋಗುವಾಗ ನೀರಿಲ್ಲದೆ ಬಿಟ್ಟುಹೋಗುವುದು ಅನ್ನಪಾನನಿರೋಧ. ಸಂತಾನಹರಣ ಚಿಕಿತ್ಸೆಯೂ ಛೇದವಲ್ಲವೇ ಎಂಬ ಪ್ರಶ್ನೆಯನ್ನು ಲಘುವಾಗಿ ಕಾಣಲಾಗದು. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ಅದೇ ಅಧ್ಯಾಯವು ತಿಳಿಸುವುದರಿಂದ, ಹುಟ್ಟಿದ ಮರಿಗಳು ಬೀದಿಯಲ್ಲಿ ಸಾಯುವುದನ್ನು ತಪ್ಪಿಸಲು ವೈದ್ಯರು ಅರಿವಳಿಕೆ ಕೊಟ್ಟು ಮಾಡುವ ಚಿಕಿತ್ಸೆಯನ್ನು ಕ್ರೌರ್ಯಕ್ಕೆ ಸಮೀಕರಿಸಲಾಗದು. ಸಂಪೂರ್ಣ ನಿರ್ದೋಷವೆಂದೂ ಹೇಳಲಾಗದು. ಗೃಹಸ್ಥಧರ್ಮದಲ್ಲಿ ಕಡಿಮೆ ಹಿಂಸೆಯನ್ನು ಆರಿಸಿಕೊಳ್ಳುವ ಹೊಣೆ ತಪ್ಪದು.

ಕೊಳ್ಳುವುದಕ್ಕೂ ಆಶ್ರಯ ಕೊಡುವುದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ಮುಧೋಳದ ಬೇಟೆನಾಯಿಯು 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ತಳಿಯ ಹೆಮ್ಮೆಗಾಗಿ ಹಣ ಕೊಟ್ಟು ತರುವುದು ಪರಿಗ್ರಹದ ಇನ್ನೊಂದು ರೂಪ. ಆಶ್ರಯಧಾಮದ ನಾಯಿಗೆ ಬೆಲೆಯಿಲ್ಲ, ತಳಿಯಿಲ್ಲ. ಅದನ್ನು ತರುವುದು ಕರುಣಾದಾನಕ್ಕೆ ಹತ್ತಿರವಾದುದು.

ಇದಕ್ಕೆ ನಮ್ಮ ಸಮಾಜದಲ್ಲಿಯೇ ಪೂರ್ವನಿದರ್ಶನವಿದೆ. 1832ರಲ್ಲಿ ಮುಂಬಯಿಯ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಮೊದಲ್ಗೊಂಡು ನಗರದ ಹಲವು ಸಮುದಾಯಗಳವರು ಪ್ರತಿಭಟಿಸಿದರು. 1834ರಲ್ಲಿ ಪಾರಸಿ ದಾನಿ ಜಮ್ಶೆಟ್‌ಜೀ ಜೀಜೀಭಾಯಿ ಹಾಗೂ ಜೈನ ವಣಿಕ ಮೋತಿಚಂದ ಅಮಿಚಂದ ಇವರ ನೇತೃತ್ವದಲ್ಲಿ ಅಲ್ಲಿ ಪಾಂಜರಪೋಳ ಸ್ಥಾಪಿತವಾಯಿತು. ಅದರ ಹುಟ್ಟಿಗೆ ಪ್ರೇರಣೆಯಾದುದು ಹಾಲು ಕೊಡುವ ಹಸುವಲ್ಲ, ಏನನ್ನೂ ಕೊಡದ ನಾಯಿ. ನಮ್ಮ ಬಸದಿಗಳ ವಿಶ್ವಸ್ತ ಮಂಡಳಿಗಳು ಈ ಸಂಗತಿಯನ್ನು ಮನನ ಮಾಡಬೇಕು. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ದತ್ತುಸ್ವೀಕಾರಕ್ಕೆ ಅವಕಾಶವಿತ್ತು, ಪಡೆದ ನಾಯಿಯು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆಯನ್ನು ಪಡೆದವರ ಮೇಲೆಯೇ ಹೊರಿಸಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸುವಂತೆ ಆದೇಶಿಸಿತು. ಆಶ್ರಯಧಾಮಗಳ ಹೊರೆ ಇದರಿಂದ ಹೆಚ್ಚದಿರದು.

ಆದುದರಿಂದ ಎಲ್ಲ ಶ್ರಾವಕರೂ ನಾಯಿ ಸಾಕಬೇಕೆಂಬುದು ನಮ್ಮ ಅಭಿಮತವಲ್ಲ. ಆಹಾರದ ನಿಶ್ಚಯ, ಸರಪಳಿಯಿಲ್ಲದ ಅಂಗಳ, ರೇಬಿಸ್ ಲಸಿಕೆಯ ಕ್ರಮ, ಮುಪ್ಪಿನವರೆಗಿನ ಸೇವೆ, ಈ ನಾಲ್ಕನ್ನು ಮನೆಯವರೆಲ್ಲರೂ ಒಪ್ಪಿದರೆ ತರಲಿ. ಒಪ್ಪದಿದ್ದರೆ ತರದಿರುವುದೇ ಅಹಿಂಸೆ; ಅಂಥವರು ಲಸಿಕೆಗೋ ಆಹಾರಕ್ಕೋ ದಾನ ಮಾಡಬಹುದು. ವಿಶ್ವಸ್ತ ಮಂಡಳಿಗಳು ಗೋಶಾಲೆಯ ನಿಧಿಯ ಜತೆಗೆ ಇದಕ್ಕೂ ಒಂದು ಪಾಲು ತೆಗೆದಿರಿಸಬಹುದು.

ಧರ್ಮದಿಂದ ನಾಯಿಯೂ ದೇವನಾಗುವುದೆಂದೂ ಅಧರ್ಮದಿಂದ ದೇವನೂ ನಾಯಿಯಾಗುವನೆಂದೂ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮಂತಭದ್ರಾಚಾರ್ಯರು ತಿಳಿಸಿದ್ದಾರೆ. ಮೊದಲ ಭಾಗವನ್ನು ನಾವು ಪ್ರವಚನಗಳಲ್ಲಿ ಸಂತೋಷದಿಂದ ಕೇಳುತ್ತೇವೆ. ಎರಡನೆಯ ಭಾಗವು ನಮ್ಮನ್ನು ಕುರಿತದ್ದು.