ಬರಿದಾದ ಕೋಣೆಗಳ ಪಾಠ

ಹಳೆಯ ಓಲೆಪ್ರತಿಯಲ್ಲಿ ಹುಳು ತಿಂದು ಹೋದ ಎಡೆಗಳನ್ನು ಸಂಪಾದಕನು ಊಹೆಯಿಂದ ತುಂಬಬೇಕೆ, ಚುಕ್ಕಿಗಳನ್ನಿಟ್ಟು ಹಾಗೆಯೇ ಬಿಡಬೇಕೆ? ನಮ್ಮ ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದು ಬಂದಿರುವ ಈ ಚರ್ಚೆ, ಆಂಸ್ಟರ್‌ಡಾಮಿನ ಮನೆಯೊಂದರ ಕಡಿದಾದ ಮೆಟ್ಟಿಲುಗಳನ್ನೇರುತ್ತಿದ್ದಾಗ ನನಗೆ ನೆನಪಾಯಿತು.

ಪ್ರಿನ್ಸೆನ್‌ಗ್ರಾಹ್ಟ್ ಕಾಲುವೆಯ ದಂಡೆಯ ಮೇಲಿರುವ 263ನೆಯ ಸಂಖ್ಯೆಯ ಆ ಮನೆಯ ಹಿಂಭಾಗದಲ್ಲಿ 1942ರ ಜುಲೈ 6ರಿಂದ ಆನ್ ಫ್ರಾಂಕಳ ಕುಟುಂಬದ ನಾಲ್ವರೂ, ಬಳಿಕ ಬಂದು ಸೇರಿದ ಇನ್ನು ನಾಲ್ವರು ಯೆಹೂದ್ಯರೂ ಅಡಗಿದ್ದರು. 1944ರ ಆಗಸ್ಟ್ 4ರಂದು ಎಲ್ಲರೂ ಸೆರೆಸಿಕ್ಕರು. ಬದುಕಿ ಹಿಂದಿರುಗಿದವರು ತಂದೆ ಒಟ್ಟೊ ಫ್ರಾಂಕ್ ಒಬ್ಬರೇ. 1960ರ ಮೇ 3ರಂದು ಮನೆ ಸಂಗ್ರಹಾಲಯವಾಗಿ ತೆರೆಯಿತು. ಕೋಣೆಗಳು ಬರಿದಾಗಿಯೇ ಇರಬೇಕೆಂಬುದು ಅವರ ಇಚ್ಛೆ. ಬಂಧನವಾದ ಮೇಲೆ ಅಲ್ಲಿನ ಸಾಮಾನುಗಳನ್ನು ಆಕ್ರಮಣಕಾರರ ಅಪ್ಪಣೆಯಂತೆ ಸಾಗಿಸಿಬಿಟ್ಟಿದ್ದರು. ಆದುದರಿಂದ ಈ ಬರಿದು ಅಪರಾಧಿಗಳೇ ಬಿಟ್ಟುಹೋದ ದಾಖಲೆ. ಕೋಣೆಗಳು ಹಿಂದೆ ಹೇಗಿದ್ದುವೆಂಬುದನ್ನು ತಿಳಿಸುವ ಪುಟ್ಟ ಪ್ರತಿಕೃತಿಗಳೂ ಅಲ್ಲುಂಟು. ಅವು ಅಡಿಟಿಪ್ಪಣಿಯ ಕೆಲಸವನ್ನು ಮಾಡುತ್ತವೆಯೇ ಹೊರತು ಮೂಲಕ್ಕೆ ಕೈಹಾಕುವುದಿಲ್ಲ.

ಗೋಡೆಯ ಮೇಲೆ ಸೀಸದಕಡ್ಡಿಯ ಗೆರೆಗಳಿವೆ. ಹೆತ್ತವರು ಮಕ್ಕಳ ಎತ್ತರವನ್ನಳೆದು ಗುರುತಿಟ್ಟವು. ಅಡಗಿದ್ದ ಆ ಎರಡು ವರ್ಷಗಳಲ್ಲಿ ಆನ್ 13 ಸೆಂಟಿಮೀಟರಿಗೂ ಮಿಕ್ಕು ಬೆಳೆದಿದ್ದಳು. ಮಿತ್ರಸೇನೆಯ ಮುನ್ನಡೆಯನ್ನು ಗುಂಡುಸೂಜಿಗಳಿಂದ ಗುರುತಿಸಿದ ನಾರ್ಮಂಡಿಯ ಭೂಪಟವೂ ಅಲ್ಲಿಯೇ ಇದೆ. ಮೇಜು ಮಂಚಗಳು ತುಂಬಿದ್ದರೆ ಈ ಗೆರೆಗಳತ್ತ ಎಷ್ಟು ಮಂದಿಯ ಕಣ್ಣು ಹೋಗುತ್ತಿತ್ತೋ!

2025ರ ಜನವರಿ 27ರಂದು ನ್ಯೂಯಾರ್ಕಿನಲ್ಲಿ ತೆರೆದ ಪ್ರದರ್ಶನದಲ್ಲಿ ಇದೇ ಅಡಗುದಾಣವನ್ನು ಪೂರ್ಣ ಅಳತೆಯಲ್ಲಿ ಕಟ್ಟಿ ಸಾಮಾನುಗಳಿಂದ ತುಂಬಿದ್ದರು. ಅದನ್ನು ನಾನು ನೋಡಿಲ್ಲ. ದೂರದ ಮಕ್ಕಳಿಗೆ ಅದರಿಂದ ಉಪಕಾರವಾಗಿದ್ದೀತು. ಆದರೆ ಪೂರಣ ಮಾಡಿದ ಪಾಠವನ್ನೇ ಓದಿದವನಿಗೆ ಮೂಲವು ಎಲ್ಲಿ ಹರಿದಿತ್ತೆಂಬುದು ತಿಳಿಯುವ ಬಗೆ ಯಾವುದು?

ವಿಚಿತ್ರವೆಂದರೆ, ಮನೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ಒಟ್ಟೊ ಫ್ರಾಂಕರು ಪುಸ್ತಕದ ವಿಷಯದಲ್ಲಿ ಹಾಗಿರಲಿಲ್ಲ. 1947ರಲ್ಲಿ ಅಚ್ಚಾದ ಗ್ರಂಥವು ಮಗಳ ಮೊದಲ ದಿನಚರಿಯನ್ನೂ ಅವಳೇ ತಿದ್ದಿ ಬರೆದ ಪ್ರತಿಯನ್ನೂ ಬೆರಸಿ, ಕೆಲವು ಭಾಗಗಳನ್ನು ಬಿಟ್ಟು ಸಿದ್ಧಪಡಿಸಿದ್ದು. ಮಡದಿಮಕ್ಕಳನ್ನು ಕಳೆದುಕೊಂಡವರ ಕೈ ಹಿಂಜರಿದುದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೂ ಪಾಠಗಳನ್ನು ಜೊತೆಜೊತೆಯಾಗಿ ಕಾಣಲು ಓದುಗರು 1986ರ ವಿಮರ್ಶಾತ್ಮಕ ಆವೃತ್ತಿಯವರೆಗೆ ಕಾಯಬೇಕಾಯಿತು. ಇಂದಿಗೂ ಬಹುಮಂದಿ ಗಾಜಿನೊಳಗಣ ದಿನಚರಿಯ ಮುಂದೆ ನಿಂತು ಒಬ್ಬ ಮುಗ್ಧ ಬಾಲಿಕೆಯನ್ನು ಮಾತ್ರ ಕಾಣುತ್ತಾರೆ. ಯುದ್ಧಕಾಲದ ದಿನಚರಿಗಳನ್ನು ಕಾದಿಡಿರೆಂದು ಸಚಿವರೊಬ್ಬರು ರೇಡಿಯೊದಲ್ಲಿ ಹೇಳಿದುದನ್ನು ಕೇಳಿ, ಪ್ರಕಟಣೆಗಾಗಿ ಇನ್ನೂರಕ್ಕೂ ಮಿಕ್ಕ ಬಿಡಿಹಾಳೆಗಳಲ್ಲಿ ತನ್ನ ಬರಹವನ್ನು ತಾನೇ ಪರಿಷ್ಕರಿಸಿದ ಲೇಖಕಿಯನ್ನು ಕಾಣುವವರು ವಿರಳ. ಆ ಪರಿಷ್ಕೃತ ಪ್ರತಿ 1944ರ ಮಾರ್ಚ್ 29ರ ಬರಹದವರೆಗೆ ಬಂದು ನಿಂತಿದೆ. ರೇಡಿಯೊದ ಆ ಮಾತನ್ನು ಅವಳು ದಿನಚರಿಯಲ್ಲಿ ಬರೆದುಕೊಂಡ ದಿನವೂ ಅದೇ.